ಚಿಪ್ ಹಾಕೋದು ಸುಲಭ, ತೆಗೆಯೋದು ಯಾರು?

ಮನುಷ್ಯರ ಮೈಯೊಳಗೆ ಚಿಪ್ ಹಾಕಬಹುದಾ, ಬೇಡವಾ ಅನ್ನುವ ಮಾತು ಎಲ್ಲಿ ಶುರುವಾದರೂ ಹೋಗಿ ನಿಲ್ಲುವುದು ಒಂದೇ ಕಡೆ. ನಾವು ಎಲ್ಲಿದ್ದೀವಿ ಅಂತ ಅದು ಯಾರಿಗೋ ತಿಳಿಸಿಬಿಡುತ್ತಾ? ಹೃದಯದ ಬಡಿತ ಸರಿಯಾಗಿಡುವ ಪೇಸ್‌ಮೇಕರ್ ಯಂತ್ರ ಹಾಕುವುದು ನನ್ನ ಕೆಲಸ. ಹಾಕಿಸಿಕೊಂಡವರೂ ಇದನ್ನೇ ಕೇಳುತ್ತಾರೆ, ಅವರ ಮನೆಯವರು ಇನ್ನೂ ಜಾಸ್ತಿ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಎಲ್ಲರ ಗಮನವೂ ಈ ಒಂದು ಭಯದ ಮೇಲೇ ಇರುವುದರಿಂದ ನಿಜವಾಗಿ ಕೇಳಬೇಕಾದದ್ದು ಹಿಂದೆ ಉಳಿದುಬಿಡುತ್ತಿದೆ. ಮೈಯೊಳಗೆ ಹಾಕಿದ್ದನ್ನು ಮುಂದೆ ನೋಡಿಕೊಳ್ಳುವವರು ಯಾರು? ಬೇಡ ಅನ್ನಿಸಿದಾಗ, ಅಥವಾ ಹಾಕಿದ ಕಂಪನಿಯೇ ಮುಚ್ಚಿಹೋದಾಗ, ತೆಗೆಯುವವರು ಯಾರು?

ಮೊದಲು ಆ ಭಯದ ವಿಷಯ ನೋಡೋಣ.

ಕೈಗೆ ಹಾಕಿಸಿಕೊಳ್ಳುವ ಚಿಪ್ ಅಂದರೆ ಸಾಮಾನ್ಯವಾಗಿ ಒಂದು ಪುಟ್ಟ ಗಾಜಿನ ಕೊಳವೆ. ಸುಮಾರು 12 ಮಿಲಿಮೀಟರ್ ಉದ್ದ, 2 ಮಿಲಿಮೀಟರ್ ದಪ್ಪ. ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು. ಒಳಗೆ ಸಣ್ಣ ತಂತಿಯ ಸುರುಳಿ, ಅದಕ್ಕೆ ಜೋಡಿಸಿದ ಚಿಪ್. ಬ್ಯಾಟರಿ ಇಲ್ಲ. ಚಿಪ್ ಓದುವ ಯಂತ್ರದ, ಅಂದರೆ ರೀಡರ್‌ನ ಹತ್ತಿರ ಕೈ ಹಿಡಿದಾಗ ಸುರುಳಿಯಲ್ಲಿ ಒಂದಿಷ್ಟು ಕರೆಂಟ್ ಹುಟ್ಟುತ್ತದೆ, ಅಷ್ಟರಲ್ಲೇ ಚಿಪ್ ತನ್ನ ನಂಬರ್ ಹೇಳುತ್ತದೆ. ಕೈ ಹಿಂದೆ ತೆಗೆದರೆ ಮುಗಿಯಿತು. ಎಲ್ಲಾ ಕೆಲವೇ ಸೆಂಟಿಮೀಟರ್ ದೂರದೊಳಗೆ ನಡೆಯುವ ಕೆಲಸ. ಜಿಪಿಎಸ್ ಇರಬೇಕು ಅಂದರೆ ಉಪಗ್ರಹದ ಸಿಗ್ನಲ್ ಹಿಡಿಯುವ ಆಂಟೆನಾ ಬೇಕು, ಸಿಕ್ಕ ಮಾಹಿತಿಯನ್ನು ಹೊರಗೆ ಕಳಿಸಲು ಮೊಬೈಲ್‌ನಲ್ಲಿರುವಂಥ ರೇಡಿಯೊ ಬೇಕು, ಇವೆರಡನ್ನೂ ನಡೆಸಲು ಆಗಾಗ ಚಾರ್ಜ್ ಮಾಡುವ ಬ್ಯಾಟರಿ ಬೇಕು. ಆ ಕೊಳವೆಯಲ್ಲಿ ಅದಕ್ಕೆಲ್ಲ ಜಾಗ ಇಲ್ಲ.

2020ರಲ್ಲಿ ಕೋವಿಡ್ ಲಸಿಕೆಯೊಳಗೆ ಚಿಪ್ ಇಟ್ಟಿದ್ದಾರೆ ಅಂತ ಸುದ್ದಿ ಹಬ್ಬಿತ್ತಲ್ವಾ? ಈ ಗಾಜಿನ ಕೊಳವೆ ಹೋಗಬೇಕಾದರೆ ಸೂಜಿಯ ಒಳಗೇ 2 ಮಿಲಿಮೀಟರ್‌ಗಿಂತ ಜಾಸ್ತಿ ಜಾಗ ಬೇಕು. ಲಸಿಕೆಯ ಸೂಜಿ ಹೊರಗಿನ ಅಳತೆಯಲ್ಲೇ ಸುಮಾರು ಅರ್ಧ ಮಿಲಿಮೀಟರ್. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರೆ ಯಾರಿಗಾದರೂ ಅರ್ಥವಾಗುತ್ತದೆ. ಆ ಮಾತು ನಂಬಿ ಲಸಿಕೆ ಬಿಟ್ಟವರನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ಹಾಗಂತ ಗಮನಿಸುವವರೇ ಇಲ್ಲ ಅಂತಲ್ಲ. ಆಫೀಸಿನ ಬಾಗಿಲು, ಕ್ಯಾಂಟೀನು, ಪ್ರಿಂಟರು, ಪಾರ್ಕಿಂಗ್ ಗೇಟು, ಎಲ್ಲಾ ಕಡೆ ರೀಡರ್ ಇದ್ದರೆ ನಿಮ್ಮ ಇಡೀ ದಿನದ ಲೆಕ್ಕ ಕಂಪ್ಯೂಟರ್‌ನಲ್ಲಿ ಕೂರುತ್ತದೆ. ಐಡಿ ಕಾರ್ಡ್ ಕೂಡ ಇದನ್ನೇ ಮಾಡುತ್ತದೆ, ಒಪ್ಪುತ್ತೇನೆ. ಆದರೆ ಕಾರ್ಡನ್ನು ಸಂಜೆ ತೆಗೆದು ಟೇಬಲ್ ಮೇಲಿಡಬಹುದು, ಕೆಲಸ ಬಿಟ್ಟ ದಿನ ವಾಪಸ್ ಕೊಟ್ಟು ಬರಬಹುದು.

ಚಿಪ್‌ನ ಚರಿತ್ರೆ ಹೊಸದೇನಲ್ಲ. 1998ರಲ್ಲಿ ಇಂಗ್ಲೆಂಡಿನ ರೀಡಿಂಗ್ ವಿಶ್ವವಿದ್ಯಾಲಯದ ಪ್ರೊಫೆಸರ್ ಕೆವಿನ್ ವಾರ್ವಿಕ್ ತಮ್ಮ ತೋಳಿಗೆ ಒಂದು ಚಿಪ್ ಹಾಕಿಸಿಕೊಂಡರು. ಅವರು ನಡೆದು ಬಂದರೆ ಬಾಗಿಲು ತೆರೆಯುತ್ತಿತ್ತು, ದೀಪ ಹತ್ತುತ್ತಿತ್ತು. 9 ದಿನಕ್ಕೆ ತೆಗೆಸಿದರು. 2004ರಲ್ಲಿ ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಎಫ್‌ಡಿಎ ಸಂಸ್ಥೆ ವೆರಿಚಿಪ್ ಅನ್ನುವ ಚಿಪ್‌ಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಇದ್ದದ್ದು 16 ಅಂಕಿಗಳ ಒಂದು ನಂಬರ್, ಅಷ್ಟೇ. ಪ್ರಜ್ಞೆ ತಪ್ಪಿ ಆಸ್ಪತ್ರೆಗೆ ಬಂದವರ ತೋಳಿನ ಮೇಲೆ ರೀಡರ್ ಆಡಿಸಿ, ನಂಬರ್ ನೋಡಿ, ಡೇಟಾಬೇಸ್‌ನಿಂದ ಅವರ ಕಾಯಿಲೆ, ಔಷಧಿ ತಿಳಿದುಕೊಳ್ಳಬಹುದು ಅನ್ನುವುದು ಯೋಚನೆ. ಯೋಚನೆ ಕೆಟ್ಟದ್ದಲ್ಲ. ಆದರೆ ತುರ್ತು ಚಿಕಿತ್ಸೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಆ ಹೊತ್ತಿನಲ್ಲಿ ರೀಡರ್ ಹುಡುಕಿ, ಲಾಗಿನ್ ಆಗಿ, ರೆಕಾರ್ಡ್ ತೆಗೆಯುವಷ್ಟರಲ್ಲಿ ಅರ್ಧ ಚಿಕಿತ್ಸೆ ಮುಗಿದಿರುತ್ತದೆ. ‘ಪೆನಿಸಿಲಿನ್ ಅಲರ್ಜಿ ಇದೆ’ ಅಂತ ಬರೆದ ಕೈಬಳೆ ಒಂದೇ ನೋಟಕ್ಕೆ ಕೆಲಸ ಮುಗಿಸುತ್ತದೆ, ಅದಕ್ಕೆ ಕರೆಂಟೂ ಬೇಡ. 2010ರಲ್ಲಿ ವೆರಿಚಿಪ್ ಮಾರಾಟ ನಿಂತಿತು.

ಇನ್ನೊಂದು ತೊಂದರೆಯೂ ಇತ್ತು. ಆ ಚಿಪ್‌ನ ನಂಬರನ್ನು ಹೊರಗಿನಿಂದ ಓದಿ ನಕಲು ಮಾಡಬಹುದು ಅಂತ 2006ರಲ್ಲೇ ಭದ್ರತಾ ತಜ್ಞರು ತೋರಿಸಿದರು. ಅದರ ಬಗ್ಗೆ ಪ್ರಬಂಧ ಬರೆದವರಲ್ಲಿ ಒಬ್ಬರಾದ ಡಾಕ್ಟರ್ ಜಾನ್ ಹಲಮ್ಕಾ ಅವರೇ ಈ ಚಿಪ್ ಹಾಕಿಸಿಕೊಂಡಿದ್ದರು. ಅವರ ತೀರ್ಮಾನ ನನ್ನನ್ನು ಇವತ್ತಿಗೂ ಯೋಚನೆಗೆ ಹಚ್ಚುತ್ತದೆ. ಮೈಯೊಳಗಿನ ಗುರುತಿನ ಚಿಪ್ ಸುಲಭವಾಗಿ ನಕಲು ಮಾಡುವಂತೆಯೇ ಇರಬೇಕು ಅಂತ ಅವರು ವಾದಿಸಿದರು. ಯಾಕೆ ಅಂದರೆ, ನಕಲು ಮಾಡಲು ಆಗದ ಚಿಪ್ ಇದ್ದರೆ, ಅದು ತೆರೆಯುವ ಬಾಗಿಲಿನ ಹಿಂದೆ ಬೆಲೆಬಾಳುವುದು ಏನಾದರೂ ಇದ್ದರೆ, ಕಳ್ಳನಿಗೆ ಉಳಿಯುವುದು ಒಂದೇ ದಾರಿ, ಚರ್ಮ ಕೊಯ್ದು ಚಿಪ್ಪನ್ನೇ ಕಿತ್ತುಕೊಂಡು ಹೋಗುವುದು. ಹಾಗಾಗಿ ಇವರು ಇಂಥವರು ಅಂತ ಗುರುತಿಸಲು ಮಾತ್ರ ಅದನ್ನು ಬಳಸಿ, ಬಾಗಿಲಿನ ಕೀಲಿಯಾಗಿ ಬಳಸಬೇಡಿ ಅಂದರು. ಆಮೇಲೆ ಜನ ಜಾಸ್ತಿ ಬಳಸಿದ್ದು ಕೀಲಿಯಾಗಿಯೇ.

2017ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಥ್ರೀ ಸ್ಕ್ವೇರ್ ಮಾರ್ಕೆಟ್ ಕಂಪನಿಯಲ್ಲಿ ಸುಮಾರು 80 ನೌಕರರ ಪೈಕಿ 50ರಷ್ಟು ಜನ ಚಿಪ್‌ಗೆ ಮುಂದೆ ಬಂದರು. ಬಾಗಿಲು ತೆರೆಯಲು, ಕಂಪ್ಯೂಟರ್‌ಗೆ ಲಾಗಿನ್ ಆಗಲು, ತಿಂಡಿ ಮಷಿನ್‌ಗೆ ದುಡ್ಡು ಕೊಡಲು. ಯಾರಿಗೂ ಬಲವಂತ ಇರಲಿಲ್ಲ. ಸ್ವೀಡನ್ನಿನಲ್ಲಿ ಸಾವಿರಾರು ಜನ ತಾವಾಗಿಯೇ ಹಾಕಿಸಿಕೊಂಡಿದ್ದಾರೆ, ಅಲ್ಲಿನ ಎಸ್‌ಜೆ ರೈಲ್ವೆ ಕಂಪನಿ ಒಂದು ಕಾಲಕ್ಕೆ ಕೈಯೊಳಗಿನ ಚಿಪ್ಪನ್ನೇ ಟಿಕೆಟ್ ಅಂತ ಒಪ್ಪುತ್ತಿತ್ತು. ಸ್ವಂತ ಇಷ್ಟದಿಂದ, ಸ್ವಂತ ಖರ್ಚಿನಲ್ಲಿ ವಯಸ್ಕರೊಬ್ಬರು ಹಾಕಿಸಿಕೊಂಡರೆ ನನ್ನ ತಕರಾರಿಲ್ಲ. ಕಿವಿ ಚುಚ್ಚಿಸಿಕೊಳ್ಳುವುದಕ್ಕೆ ಯಾರೂ ನಮ್ಮ ಅಪ್ಪಣೆ ಕೇಳುವುದಿಲ್ಲ ಅಲ್ವಾ?

ಆದರೆ ಆಫೀಸಿನ ಕಥೆ ಬೇರೆ. ಮುಂದೆ ಬಂದ 50 ಜನರಿಗಿಂತ ಬೇಡ ಅಂದ ಉಳಿದವರ ಬಗ್ಗೆ ನಾನು ಜಾಸ್ತಿ ಯೋಚಿಸುತ್ತೇನೆ. ಒಪ್ಪಿಗೆ ಪತ್ರಕ್ಕೆ ಸಹಿ ತೆಗೆದುಕೊಳ್ಳುವುದು ನಮ್ಮ ದಿನನಿತ್ಯದ ಕೆಲಸ. ಮಗನ ಮುಖ ನೋಡಿ ಸಹಿ ಹಾಕುವವರು, ಡಾಕ್ಟರಿಗೆ ಬೇಜಾರಾಗುತ್ತದೆ ಅಂತ ತಲೆ ಆಡಿಸುವವರು ಎಷ್ಟೋ ಜನ. ಅದಕ್ಕೇ ನಾನು ಮನೆಯವರನ್ನು ಒಂದು ಕ್ಷಣ ಹೊರಗೆ ಕೂರಿಸಿ, ‘ನಿಮಗೆ ಬೇಕಾ ಹೇಳಿ’ ಅಂತ ಇನ್ನೊಮ್ಮೆ ಕೇಳುತ್ತೇನೆ. ಹೃದಯದ ತೊಂದರೆ ಇರುವವರ ವಿಷಯದಲ್ಲೇ ಇಷ್ಟು ಕಷ್ಟ ಇರುವಾಗ, ಸಂಬಳ ಕೊಡುವವರು ಬಂದು ‘ಇಷ್ಟ ಇದ್ದರೆ ಹಾಕಿಸಿಕೊಳ್ಳಿ’ ಅಂದರೆ ಆ ಇಷ್ಟವನ್ನು ಯಾವ ಅಳತೆಯಲ್ಲಿ ಅಳೆಯುವುದು? ಮೊದಮೊದಲು ಇಷ್ಟ ಇದ್ದವರಿಗೆ, ಆಮೇಲೆ ಹೊಸದಾಗಿ ಸೇರುವವರಿಗೆ, ಕೊನೆಗೆ ಚಿಪ್ ಇಲ್ಲದವರಿಗೆ ಹಿಂದಿನ ಬಾಗಿಲು. ಹೀಗಾಗಬಹುದು ಅನ್ನುವ ಅಂಜಿಕೆಯಿಂದಲೇ ಇದೇ ವಿಸ್ಕಾನ್ಸಿನ್ ರಾಜ್ಯ 2006ರಲ್ಲೇ ಬಲವಂತದ ಚಿಪ್ ನಿಷೇಧಿಸಿ ಕಾನೂನು ಮಾಡಿತ್ತು. ಮುರಿದರೆ 10,000 ಡಾಲರ್‌ವರೆಗೆ ದಂಡ, ಅದೂ ಪ್ರತಿ ದಿನಕ್ಕೊಂದು ಅಪರಾಧದ ಲೆಕ್ಕದಲ್ಲಿ. ಮರುವರ್ಷ ನಾರ್ತ್ ಡಕೋಟ, ಕ್ಯಾಲಿಫೋರ್ನಿಯಾ ಕೂಡ ಇಂಥ ಕಾನೂನು ತಂದವು. ಒಳ್ಳೆಯ ಕಾನೂನುಗಳೇ. ಆದರೆ ಬಲವಂತ ಮಾಡಬಾರದು ಅಂದರೆ ಸಾಲದು, ಮಾಲೀಕರು ಈ ಮಾತನ್ನು ಎತ್ತಲೇಬಾರದು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ, ತೆಗೆಯುವುದು.

ಮೈಯೊಳಗೆ ಹೊರಗಿನ ವಸ್ತು ಏನೇ ಹೋದರೂ ದೇಹ ಸುಮ್ನೆ ಇರುವುದಿಲ್ಲ. ಕೆಲವು ವಾರಗಳಲ್ಲಿ ಅದರ ಸುತ್ತ ನಾರಿನಂಥ ಪೊರೆ ಕಟ್ಟುತ್ತದೆ. ಕೈಯ ಚಿಪ್ ಹೆಬ್ಬೆರಳು, ತೋರುಬೆರಳಿನ ನಡುವಿನ ಚರ್ಮದ ಕೆಳಗೇ ಇರುತ್ತದೆ, ಬೆರಳಿಗೆ ಸಿಗುತ್ತದೆ. ಜಾಗ ಮರಗಟ್ಟಿಸಿ, ಸಣ್ಣದಾಗಿ ಕೊಯ್ದು, ಪೊರೆ ಬಿಡಿಸಿ, ಜಾರಿಸಿ ತೆಗೆಯಬಹುದು. ಆದರೆ ಕೆಲವು ಚಿಪ್‌ಗಳಿಗೆ, ಮುಖ್ಯವಾಗಿ ಪ್ರಾಣಿಗಳಿಗೆ ಹಾಕುವಂಥವಕ್ಕೆ, ಮಾಂಸ ಅಂಟಿಕೊಂಡು ಚಿಪ್ ಜರುಗದೆ ಇರಲಿ ಅಂತಲೇ ಒಂದು ಲೇಪ ಹಚ್ಚಿರುತ್ತಾರೆ. ವೆರಿಚಿಪ್‌ಗೂ ಅಂಥ ಲೇಪ ಇತ್ತು. ಜರುಗದಂತೆ ಮಾಡುವ ಉಪಾಯವೇ ತೆಗೆಯುವಾಗ ಕಷ್ಟ ಕೊಡುತ್ತದೆ. ಹಾಕಿಸಿಕೊಳ್ಳುವ ಮುಂಚೆ ಇದನ್ನು ಕೇಳುವವರು ತೀರಾ ಕಡಿಮೆ. ಪೇಮೆಂಟ್ ಚಿಪ್ ಆದರೆ ಬ್ಯಾಂಕ್ ಕಾರ್ಡಿನ ಹಾಗೆ ಅದಕ್ಕೂ ಅವಧಿ ಮುಗಿಯುತ್ತದೆ. ಆಗ ಮತ್ತೆ ಕೊಯ್ಯಬೇಕು, ಇಲ್ಲವೇ ಕೆಲಸಕ್ಕೆ ಬಾರದ ಚಿಪ್ ಹೊತ್ತು ತಿರುಗಬೇಕು. ಇಲಿಗಳಲ್ಲಿ ಚಿಪ್ ಸುತ್ತ ಗಡ್ಡೆ ಬಂದ ಹಳೆಯ ಅಧ್ಯಯನಗಳು 2007ರಲ್ಲಿ ದೊಡ್ಡ ಸುದ್ದಿಯಾಗಿದ್ದವು. ಹೊರಗಿನ ವಸ್ತುವಿನ ಸುತ್ತ ಗಡ್ಡೆ ಬರುವುದು ಇಲಿಗಳಲ್ಲಿ ಜಾಸ್ತಿ, ಅದನ್ನು ಹಾಗೇ ಮನುಷ್ಯರಿಗೆ ಅನ್ವಯಿಸಲಾಗದು. ಅದಕ್ಕೆ ಹೆದರಬೇಕಾಗಿಲ್ಲ.

ಪೇಸ್‌ಮೇಕರ್‌ನಲ್ಲಿ ತೆಗೆಯುವ ಕೆಲಸ ಇದಕ್ಕಿಂತ ಬಹಳ ಕಷ್ಟ. ಎದೆಯ ಚರ್ಮದ ಕೆಳಗಿನ ಬ್ಯಾಟರಿ ಡಬ್ಬಿ ಬದಲಿಸುವುದು ಸುಲಭ. ರಕ್ತನಾಳದೊಳಗಿಂದ ಹೃದಯಕ್ಕೆ ಹೋಗುವ ತಂತಿ, ಅಂದರೆ ಲೀಡ್ ಇದೆಯಲ್ಲ, ಅದು ವರ್ಷಗಳು ಕಳೆದಂತೆ ನಾಳದ ಗೋಡೆಗೆ ಬೆಸೆದುಕೊಳ್ಳುತ್ತದೆ. ಸೋಂಕಾಗಿ ಅದನ್ನು ತೆಗೆಯಲೇಬೇಕಾದಾಗ ಲೇಸರ್ ಕೊಳವೆ ತೂರಿಸಿ ಇಂಚಿಂಚಾಗಿ ಬಿಡಿಸಬೇಕು. ನಾಳ ಹರಿದರೆ ಕೂಡಲೇ ಎದೆ ತೆರೆಯಲು ಸರ್ಜನ್ ತಯಾರಿರಬೇಕು. ಹಾಕಿದ್ದು ಒಂದು ಗಂಟೆಯೊಳಗೆ, ತೆಗೆಯುವಾಗ ಇಷ್ಟೆಲ್ಲ.

ಆದರೂ ನಾನು ಇದನ್ನು ಎರಡನೇ ಯೋಚನೆ ಇಲ್ಲದೆ ಹಾಕುತ್ತೇನೆ, ಯಾಕೆಂದರೆ ಇದರ ಹಿಂದೆ ದೊಡ್ಡ ವ್ಯವಸ್ಥೆ ಇದೆ. 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅವರಿಗೆ ಜಗತ್ತಿನಲ್ಲೇ ಮೊದಲ ಬಾರಿಗೆ ಪೂರ್ತಿ ಮೈಯೊಳಗಿರುವ ಪೇಸ್‌ಮೇಕರ್ ಹಾಕಿದರು. ಮೊದಲನೆಯದು ಕೆಲವೇ ಗಂಟೆ ನಡೆಯಿತು. ಜೀವನದಲ್ಲಿ ಒಟ್ಟು 26 ಪೇಸ್‌ಮೇಕರ್ ಹಾಕಿಸಿಕೊಂಡರು ಅಂತ ದಾಖಲೆ ಇದೆ, 2001ರವರೆಗೆ ಬದುಕಿದ್ದರು. ಪ್ರತಿ ಸಲವೂ ಬದಲಿಸುವವರು ಇದ್ದರು, ಅದು ಮುಖ್ಯ. 2017ರಲ್ಲಿ ಅಮೆರಿಕದಲ್ಲಿ ಸುಮಾರು 4,65,000 ಪೇಸ್‌ಮೇಕರ್‌ಗಳ ವೈರ್‌ಲೆಸ್ ಸಂಪರ್ಕದಲ್ಲಿ ಹ್ಯಾಕ್ ಮಾಡಬಹುದಾದ ದೋಷ ಸಿಕ್ಕಿತು. ಜನ ಆಸ್ಪತ್ರೆಗೆ ಬಂದು ಕೂತರು, ಪೇಸ್‌ಮೇಕರ್ ಜೊತೆ ಸಂಪರ್ಕ ಮಾಡುವ ವಾಂಡ್ ಅನ್ನುವ ಸಾಧನವನ್ನು ಎದೆಯ ಮೇಲೆ ಇಟ್ಟು ಕೆಲವೇ ನಿಮಿಷದಲ್ಲಿ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಲಾಯಿತು. ಕಂಪನಿ ಇತ್ತು, ಹಾಗಾಗಿ ಅಪ್‌ಡೇಟ್ ಬಂತು.

ಕಂಪನಿಯೇ ಇಲ್ಲದಿದ್ದರೆ? ಸೆಕೆಂಡ್ ಸೈಟ್ ಅನ್ನುವ ಕಂಪನಿ ದೃಷ್ಟಿ ಕಳೆದುಕೊಂಡವರ ಕಣ್ಣಿಗೆ ಆರ್ಗಸ್ 2 ಅನ್ನುವ ಚಿಪ್ ಹಾಕುತ್ತಿತ್ತು. ಜಗತ್ತಿನಲ್ಲಿ 350ಕ್ಕೂ ಹೆಚ್ಚು ಜನ ಹಾಕಿಸಿಕೊಂಡರು, ಕತ್ತಲೆಯಲ್ಲಿದ್ದವರಿಗೆ ಬಾಗಿಲಿನ ಅಂಚು, ಎದುರು ನಿಂತವರ ಆಕಾರ ಮಸುಕಾಗಿಯಾದರೂ ಕಂಡಿತು. 2019ರಲ್ಲಿ ಕಂಪನಿ ಅದನ್ನು ಕೈಬಿಟ್ಟಿತು, 2020ರಲ್ಲಿ ಹೆಚ್ಚಿನ ನೌಕರರನ್ನು ಮನೆಗೆ ಕಳಿಸಿತು. ಕೆಟ್ಟರೆ ರಿಪೇರಿ ಇರಲಿಲ್ಲ, ದೊಡ್ಡ ಅಯಸ್ಕಾಂತ ಬಳಸುವ ಎಂಆರ್‌ಐ ಸ್ಕ್ಯಾನ್ ಮಾಡಬೇಕಾಗಿ ಬಂದರೆ ವಿಚಾರಿಸಲು ಸರಿಯಾದ ಜಾಗ ಇರಲಿಲ್ಲ. ಇನ್ನೊಂದು, ಇದರ ತದ್ವಿರುದ್ಧ. ಮೂರ್ಛೆ ಬರುವ ಮುಂಚೆ ಎಚ್ಚರಿಸುವ ನ್ಯೂರೋವಿಸ್ಟಾ ಕಂಪನಿಯ ಸಾಧನವನ್ನು ಆಸ್ಟ್ರೇಲಿಯದಲ್ಲಿ ಪ್ರಯೋಗಕ್ಕಾಗಿ ಕೆಲವರ ಮೆದುಳಿಗೆ ಹಾಕಿದ್ದರು. ಕಂಪನಿಯ ದುಡ್ಡು ಮುಗಿಯಿತು. ಒಬ್ಬ ಮಹಿಳೆ ಅದನ್ನು ಬಿಟ್ಟುಕೊಡಲು ಒಪ್ಪಲೇ ಇಲ್ಲ, ಕೊಂಡುಕೊಳ್ಳಲೂ ನೋಡಿದರು. ಆದರೂ ತೆಗೆಯಲಾಯಿತು. ಅದು ಇದ್ದಾಗ ಧೈರ್ಯವಾಗಿ ಮನೆಯಿಂದ ಹೊರಗೆ ಹೋಗುತ್ತಿದ್ದವರು ಅವರು.

2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿ ಮೊದಲ ಬಾರಿ ಮನುಷ್ಯರ ಮೆದುಳಿಗೆ ತನ್ನ ಚಿಪ್ ಹಾಕಿತು. 64 ಎಳೆಗಳಲ್ಲಿ 1,024 ಎಲೆಕ್ಟ್ರೋಡ್, ಅಂದರೆ ಮೆದುಳಿನ ಸಿಗ್ನಲ್ ಹಿಡಿಯುವ ಬಿಂದುಗಳು. ಕುತ್ತಿಗೆಯಿಂದ ಕೆಳಗೆ ಶಕ್ತಿ ಇಲ್ಲದ ಯುವಕ ಬರೀ ಯೋಚನೆಯಿಂದ ಚೆಸ್ ಆಡಿದ್ದನ್ನು ನೋಡಿ ನನಗೂ ಕಣ್ಣು ತುಂಬಿ ಬಂತು. ಕೆಲವು ವಾರಗಳಲ್ಲಿ ಒಂದಿಷ್ಟು ಎಳೆಗಳು ಮೆದುಳಿನಿಂದ ಹಿಂದೆ ಸರಿದವು, ಸಾಫ್ಟ್‌ವೇರ್ ಬದಲಿಸಿ ಸರಿದೂಗಿಸಿದರು. ಇಂಥ ಚಿಪ್‌ಗೆ ನನ್ನ ಪೂರ್ತಿ ಬೆಂಬಲ ಇದೆ. ದೇಹ ಕಳೆದುಕೊಂಡದ್ದನ್ನು ಅದು ವಾಪಸ್ ಕೊಡುತ್ತಿದೆ. ಜೇಬಿನಲ್ಲಿಟ್ಟುಕೊಂಡರೆ ಸಾಲುವ ಕಾರ್ಡನ್ನು ಚರ್ಮದ ಕೆಳಗೆ ಇಡುವುದೂ ಇದೂ ಒಂದೇ ಅಲ್ಲ, ಎರಡನ್ನೂ ಒಂದೇ ವಾದದಲ್ಲಿ ಕಟ್ಟಬಾರದು.

ಮೆದುಳಿನ ಮಾಹಿತಿಯನ್ನು ಕಾಪಾಡಲು ಚಿಲಿ ದೇಶ 2021ರಲ್ಲಿ ಸಂವಿಧಾನವನ್ನೇ ತಿದ್ದಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತಲೆಗೆ ಹಾಕುವ ಹೆಡ್‌ಸೆಟ್ ಸಂಗ್ರಹಿಸಿದ್ದ ಒಬ್ಬರ ಮಾಹಿತಿಯನ್ನು ಅಳಿಸಲು ಕಂಪನಿಗೆ ಹೇಳಿತು. ಮಾಹಿತಿಯ ಬಗ್ಗೆ ಇಷ್ಟು ಯೋಚಿಸಿದ್ದು ಒಳ್ಳೆಯದಾಯಿತು. ಆದರೆ ಯಂತ್ರದ ಬಗ್ಗೆಯೂ ಇಷ್ಟೇ ಗಟ್ಟಿಯಾದ ನಿಯಮ ಬೇಕು. ಚಿಪ್‌ಗೆ ಒಪ್ಪಿಗೆ ಕೊಡುವ ದಿನವೇ ಕಂಪನಿ ಅದನ್ನು ತೆಗೆಯುವ ಖರ್ಚನ್ನು ಬೇರೆಯವರ ಕೈಯಲ್ಲಿ ಠೇವಣಿ ಇಡಲಿ. ಕಂಪನಿ ಮುಚ್ಚಿದರೆ ಅದರ ಸಾಫ್ಟ್‌ವೇರ್, ನಕ್ಷೆ ಎಲ್ಲಾ ಆಸ್ಪತ್ರೆಗಳಿಗೆ ಸಿಗಲಿ. ಪೇಸ್‌ಮೇಕರ್‌ನಲ್ಲೂ ಈ ತೊಡಕು ಇದೆ. ಒಂದು ಕಂಪನಿಯ ಸಾಧನವನ್ನು ಅದೇ ಕಂಪನಿಯ ಪ್ರೋಗ್ರಾಮರ್ ಅನ್ನುವ ಮಷಿನ್ ಮಾತ್ರ ಓದುತ್ತದೆ, ಅದಕ್ಕೇ ನಮ್ಮ ಕೋಣೆಯಲ್ಲಿ ನಾಲ್ಕೈದು ಮಷಿನ್ ಸಾಲಾಗಿ ಇರುತ್ತವೆ. ಪೇಸ್‌ಮೇಕರ್‌ನ ವಿವರ ಇರುವ ಕಾರ್ಡ್ ಇಲ್ಲದೆ ಬಂದವರಿಗೆ ಎಕ್ಸ್‌ರೇ ತೆಗೆದು, ಡಬ್ಬಿಯ ಆಕಾರ, ಅದರ ಮೇಲೆ ಕಾಣುವ ಪುಟ್ಟ ಗುರುತು ನೋಡಿ ಕಂಪನಿ ಯಾವುದು ಅಂತ ಪತ್ತೆ ಮಾಡಿ ಆಮೇಲೆ ಶುರು ಮಾಡಬೇಕು. ತಲೆ ಸುತ್ತಿ ಬಿದ್ದು ಬಂದವರಿಗೆ ಅಷ್ಟು ಹೊತ್ತು ಕಾಯಿಸುವುದು ಕಷ್ಟ.

ಹಾಗಾಗಿ ಮೈಯೊಳಗೆ ಏನೇ ಹಾಕಿಸಿಕೊಂಡಿದ್ದರೂ, ಹಾಕಿದವರು ಕೊಟ್ಟ ಕಾರ್ಡಿನ ಫೋಟೊ ಇವತ್ತೇ ತೆಗೆದು ಮೊಬೈಲ್‌ನಲ್ಲಿಟ್ಟುಕೊಳ್ಳಿ, ಮನೆಯಲ್ಲಿ ಒಬ್ಬರಿಗಾದರೂ ಕಳಿಸಿ. ಕಂಪನಿ ಹೆಸರು, ಮಾಡೆಲ್ ನಂಬರ್, ಹಾಕಿದ ತಾರೀಖು ಓದುವ ಹಾಗೆ ಇರಲಿ. ಪೇಸ್‌ಮೇಕರ್ ಆದರೆ ಲೀಡ್‌ನ ಮಾಡೆಲ್ ಕೂಡ ಬೇಕು. ಎಂಆರ್‌ಐ ಮಾಡುವ ಮುಂಚೆ ಮೊದಲು ಕೇಳುವುದು ಅದನ್ನೇ.