ಕಡ್ಡಾಯ ನಿವೃತ್ತಿ ಮತ್ತು ವಯೋನಿವೃತ್ತಿ: ಪೊಲೀಸರಿಗೆ ಯಾವ ಪದ?

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡಿಗರು ಮಹಾರಾಷ್ಟ್ರ ಪೊಲೀಸ್ ದಳದಲ್ಲಿ ಸೇವೆ ಸಲ್ಲಿಸುತ್ತ ಬಂದಿರುವುದರಿಂದ, ಮುಂಬಯಿ-ಪುಣೆಗಳ ಕನ್ನಡ ಬಳಗಗಳಲ್ಲಿ ಅಂಥವರ ನಿವೃತ್ತಿಯ ಸನ್ಮಾನ ಹೊಸದೇನಲ್ಲ. ಆ ಸನ್ಮಾನಗಳ ಆಮಂತ್ರಣ ಪತ್ರಿಕೆಗಳಲ್ಲೂ ವರದಿಗಳಲ್ಲೂ “58ನೆಯ ವಯಸ್ಸಿಗೆ ಕಡ್ಡಾಯ ನಿವೃತ್ತಿ ಹೊಂದಿದ ಶ್ರೀಯುತರು” ಎಂಬ ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ಬರೆದವರ ಉದ್ದೇಶ ಗೌರವವೇ ಇರಬಹುದು. ಆದರೆ ಸೇವಾ ನಿಯಮಗಳ ಭಾಷೆ ಬಲ್ಲವರು ಅದನ್ನು ಓದಿದರೆ, ಸರ್ಕಾರ ಇವರನ್ನು ಬೇಡವೆಂದು ಮನೆಗೆ ಕಳಿಸಿದೆ ಎಂದೇ ತಿಳಿದುಕೊಳ್ಳುತ್ತಾರೆ.

ನಿಗದಿತ ವಯಸ್ಸು ತುಂಬಿದ್ದಕ್ಕೆ ಸೇವೆ ಮುಗಿದರೆ ಅದು ವಯೋನಿವೃತ್ತಿ. ಆ ವಯಸ್ಸನ್ನು ದಾಟಲು ಬಿಡುವುದಿಲ್ಲ ಎಂಬ ಅರ್ಥದಲ್ಲಿ ಅದರಲ್ಲಿಯೂ ಕಡ್ಡಾಯವಿದೆ, ನಿಜ. ಆದರೆ ಅಲ್ಲಿ ಕಡ್ಡಾಯವಾಗಿರುವುದು ವಯಸ್ಸಿನ ಮಿತಿ, ಮತ್ತು ಅದು ಆ ಸೇವೆಯಲ್ಲಿರುವ ಎಲ್ಲರಿಗೂ ಒಂದೇ. ಕಡ್ಡಾಯ ನಿವೃತ್ತಿಯಾದರೋ ಒಬ್ಬ ನಿರ್ದಿಷ್ಟ ವ್ಯಕ್ತಿಯ ಮೇಲೆ ಹೊರಡಿಸುವ ಆದೇಶ. ಇಂಗ್ಲಿಷಿನ ‘ಮ್ಯಾಂಡೇಟರಿ’, ‘ಕಂಪಲ್ಸರಿ’ ಎಂಬ ಎರಡು ಬೇರೆ ಬೇರೆ ವಿಶೇಷಣಗಳನ್ನು ಒಂದೇ ‘ಕಡ್ಡಾಯ’ಕ್ಕೆ ಇಳಿಸಿ, ‘ಕಡ್ಡಾಯ ನಿವೃತ್ತಿ ವಯಸ್ಸು’ ಎಂದು ಬರೆದು, ಕೊನೆಗೆ ‘ವಯಸ್ಸು’ ಎಂಬುದನ್ನೂ ಕೈಬಿಟ್ಟದ್ದರಿಂದ ಈ ಗೋಜಲು ಹುಟ್ಟಿರಬೇಕು. ಮರಾಠಿಯ ನಡುವೆ ಬದುಕುವ ನಮಗೆ ಈ ತಪ್ಪಿಗೆ ಕ್ಷಮೆಯೂ ಕಡಿಮೆ. ಇಲ್ಲಿನ ಸರ್ಕಾರಿ ಕಾಗದಗಳಲ್ಲಿ ವಯೋನಿವೃತ್ತಿ ಹೊಂದಿದವರು ‘ನಿಯತ ವಯೋಮಾನಾನುಸಾರ ಸೇವಾನಿವೃತ್ತ’, ಕಡ್ಡಾಯ ನಿವೃತ್ತಿ ‘ಸಕ್ತೀಚೀ ಸೇವಾನಿವೃತ್ತಿ’, ಅಂದರೆ ಬಲವಂತದ ನಿವೃತ್ತಿ. ಸನ್ಮಾನದ ಫಲಕದ ಮೇಲೆ ‘ಸಕ್ತೀಚೀ’ ಎಂದು ಯಾವ ಮರಾಠಿಗರೂ ಬರೆಸುವುದಿಲ್ಲ. ಅವರು ‘ಸೇವಾಪೂರ್ತಿ’ ಎನ್ನುತ್ತಾರೆ, ಆ ಪದ ಕನ್ನಡಕ್ಕೂ ಚೆನ್ನಾಗಿಯೇ ಒಗ್ಗುತ್ತದೆ.

ಕಡ್ಡಾಯ ನಿವೃತ್ತಿಯಲ್ಲಿಯೂ ಎರಡು ಬಗೆಗಳಿವೆ, ಇದನ್ನಂತೂ ಪತ್ರಿಕೆಯವರೂ ಬೆರೆಸಿಬಿಡುತ್ತಾರೆ. ಒಂದು, ಇಲಾಖಾ ವಿಚಾರಣೆಯ ನಂತರ ವಿಧಿಸುವ ದಂಡನೆ: ಐಪಿಎಸ್ ಅಧಿಕಾರಿಗಳಿಗೆ ಅನ್ವಯಿಸುವ 1969ರ ಶಿಸ್ತು ಮತ್ತು ಮೇಲ್ಮನವಿ ನಿಯಮಗಳಲ್ಲಿ ಇದು ಸೇವೆಯಿಂದ ತೆಗೆದುಹಾಕುವುದು, ವಜಾ ಮಾಡುವುದು ಇವುಗಳ ಸಾಲಿನಲ್ಲಿಯೇ ಕಠಿಣ ದಂಡನೆಯಾಗಿ ನಿಂತಿದೆ. ವ್ಯತ್ಯಾಸವೆಂದರೆ ವಜಾ ಆದವರಂತೆ ಇವರಿಗೆ ಪಿಂಚಣಿ ಪೂರ್ತಿಯಾಗಿ ಕೈತಪ್ಪುವುದಿಲ್ಲ. ಇನ್ನೊಂದು, ಸಾರ್ವಜನಿಕ ಹಿತಾಸಕ್ತಿಯ ಹೆಸರಿನಲ್ಲಿ ಅವಧಿಗೆ ಮೊದಲೇ ನಿವೃತ್ತಿಗೊಳಿಸುವುದು. ಐಪಿಎಸ್‌ಗೂ ಅನ್ವಯಿಸುವ 1958ರ ಅಖಿಲ ಭಾರತ ಸೇವೆಗಳ ನಿವೃತ್ತಿ ಸೌಲಭ್ಯ ನಿಯಮಗಳ 16(3)ರ ಪ್ರಕಾರ, 15 ಅಥವಾ 25 ವರ್ಷ ಅರ್ಹ ಸೇವೆ (ಪಿಂಚಣಿಯ ಲೆಕ್ಕಕ್ಕೆ ಬರುವ ಸೇವೆ) ಮುಗಿದಾಗ ಇಲ್ಲವೇ 50 ವರ್ಷ ತುಂಬಿದಾಗ ಸೇವೆಯನ್ನು ಪರಿಶೀಲಿಸಿ, ಮೂರು ತಿಂಗಳ ನೋಟಿಸ್ ಅಥವಾ ಅಷ್ಟೇ ಅವಧಿಯ ವೇತನ ಕೊಟ್ಟು ಕಳಿಸಲು ಅವಕಾಶವಿದೆ. ಈ ಬಗೆಯದು ದಂಡನೆಯಲ್ಲ, ಕಳಂಕವೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1992ರ ಬೈಕುಂಠನಾಥ ದಾಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಕಾನೂನು ಹಾಗೆಂದರೂ ಆ ಆದೇಶ ಕೈಗೆ ಬಂದವರಿಗೆ ಅದು ಹಾಗೆ ಕಾಣುತ್ತದೆಯೇ ಎಂಬುದು ಬೇರೆ ಮಾತು.

ತಾವಾಗಿ ಕೇಳಿ ಪಡೆಯುವ ಸ್ವಯಂ ನಿವೃತ್ತಿಯನ್ನು ವಿವರಿಸುವ ಅಗತ್ಯವಿಲ್ಲ; ಅದನ್ನು ರಾಜೀನಾಮೆ ಎಂದು ಬರೆಯದಿದ್ದರೆ ಸಾಕು.

ವಯೋನಿವೃತ್ತಿಯ ವಯಸ್ಸಿನ ವಿಷಯಕ್ಕೆ ಬಂದರೆ, ‘ಪೊಲೀಸರ ನಿವೃತ್ತಿ ವಯಸ್ಸು’ ಎಂಬ ಒಂದೇ ಅಂಕಿ ಭಾರತದಲ್ಲಿಲ್ಲ, ಏಕೆಂದರೆ ಅದನ್ನು ನಿರ್ಧರಿಸುವುದು ಖಾಕಿಯಲ್ಲ, ಸೇವೆ ಯಾವ ಸರ್ಕಾರದ್ದು, ಯಾವ ವರ್ಗದ್ದು ಎಂಬುದು. ಮಹಾರಾಷ್ಟ್ರದ ಕಾನ್‌ಸ್ಟೆಬಲ್‌ಗೂ ಇನ್‌ಸ್ಪೆಕ್ಟರ್‌ಗೂ 58, ಗೋವಾದಲ್ಲಿ 60, ಕರ್ನಾಟಕದಲ್ಲಿ 2008ರಿಂದ 60. ಐಪಿಎಸ್ ಅಧಿಕಾರಿ ಯಾವ ರಾಜ್ಯದಲ್ಲಿದ್ದರೂ 60. ಆದ್ದರಿಂದ ಮಹಾರಾಷ್ಟ್ರ ಪೊಲೀಸ್ ಸೇವೆಯಿಂದ ಐಪಿಎಸ್‌ಗೆ ಬಡ್ತಿ ಪಡೆದವರಿಗೆ ಹುದ್ದೆಯ ಜೊತೆಗೆ ಎರಡು ವರ್ಷಗಳ ಸೇವೆಯೂ ದೊರೆಯುತ್ತದೆ. ಇನ್ನೂ ವಿಚಿತ್ರವೆಂದರೆ, ಇಲ್ಲಿ ‘ಶಿಪಾಯಿ’ ಎಂಬ ಹೆಸರು ಇಬ್ಬರಿಗಿದ್ದು, ಕಚೇರಿಯಲ್ಲಿ ಕಡತ ಹೊರುವ, ನೌಕರರಲ್ಲಿ ಕೊನೆಯ ಶ್ರೇಣಿಯಾದ ‘ಡ’ ವರ್ಗದ ಶಿಪಾಯಿ 60ರವರೆಗೆ ದುಡಿದರೆ ಲಾಠಿ ಹಿಡಿದ ಪೊಲೀಸ್ ಶಿಪಾಯಿ 58ಕ್ಕೇ ಮನೆಗೆ ಹೋಗುತ್ತಾನೆ. ದೈಹಿಕ ಸಾಮರ್ಥ್ಯದ ಕಾರಣಕ್ಕೆ ಪೊಲೀಸರಿಗೆ ಬೇಗ ನಿವೃತ್ತಿ ಎಂಬ ಜನಪ್ರಿಯ ವಿವರಣೆ ಇಲ್ಲಿ ನಿಲ್ಲದು: ಮುಂಬಯಿಯ ಸಚಿವಾಲಯವಾದ ‘ಮಂತ್ರಾಲಯ’ದ ಮೇಜಿನಲ್ಲಿ ಕುಳಿತ ಗುಮಾಸ್ತನಿಗೂ ಅದೇ 58.

ದಿನಾಂಕದ ಲೆಕ್ಕವೂ ತಪ್ಪುವುದುಂಟು. ನಿವೃತ್ತಿ ಹುಟ್ಟುಹಬ್ಬದಂದಲ್ಲ, ಆ ತಿಂಗಳ ಕೊನೆಯ ದಿನ. ಒಂದನೆಯ ತಾರೀಖಿನಂದು ಹುಟ್ಟಿದವರಿಗೆ ಮಾತ್ರ ಹಿಂದಿನ ತಿಂಗಳ ಕೊನೆಯ ದಿನ. ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಎಂದು ಬರೆದುಕೊಂಡ ತಲೆಮಾರಿನವರು ಮೇ 31ರಂದು ಗುಂಪುಗುಂಪಾಗಿ ನಿವೃತ್ತರಾಗುವುದು ಈ ಕಾರಣದಿಂದ.

ಕೊನೆಯದಾಗಿ, ಪೊಲೀಸ್ ಮಹಾನಿರ್ದೇಶಕರ ಪ್ರಸಂಗ. ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪು, ವಯೋನಿವೃತ್ತಿಯ ದಿನ ಯಾವುದೇ ಇರಲಿ, ಆ ಹುದ್ದೆಯಲ್ಲಿ ಕನಿಷ್ಠ ಎರಡು ವರ್ಷಗಳ ಅವಧಿ ಇರಬೇಕೆಂದಿತು. ನಿವೃತ್ತಿಯ ಅಂಚಿನಲ್ಲಿದ್ದವರನ್ನು ನೇಮಿಸಿ ಇದನ್ನು ದುರುಪಯೋಗಪಡಿಸಿಕೊಳ್ಳಬಾರದೆಂದು, ನೇಮಕದ ವೇಳೆಗೆ ಕನಿಷ್ಠ ಆರು ತಿಂಗಳ ಸೇವೆ ಉಳಿದಿರಬೇಕೆಂದು 2019ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟನೆ ನೀಡಿತು. 2024ರ ಜನವರಿಯಲ್ಲಿ ಮಹಾರಾಷ್ಟ್ರದ ಮಹಾನಿರ್ದೇಶಕರಾದ ರಶ್ಮಿ ಶುಕ್ಲಾ ಅವರು ಅದೇ ಜೂನ್‌ನಲ್ಲಿ ನಿವೃತ್ತರಾಗಬೇಕಿದ್ದರೂ ಎರಡು ವರ್ಷಗಳ ಅವಧಿ ಪಡೆದದ್ದನ್ನು ಕೆಲವರು ‘ನಿವೃತ್ತಿ ವಯಸ್ಸು 62ಕ್ಕೆ ಏರಿಕೆ’ ಎಂದು ಬರೆದರು. ಏರಿದ್ದು ವಯಸ್ಸಿನ ಮಿತಿಯಲ್ಲ. ಒಂದು ಹುದ್ದೆಗೆ, ಒಬ್ಬರಿಗೆ ಸಿಕ್ಕ ಅವಧಿ. ಅವರ ಕೈಕೆಳಗಿನ ಇನ್‌ಸ್ಪೆಕ್ಟರುಗಳು ಆಗಲೂ 58ಕ್ಕೇ ನಿವೃತ್ತರಾಗುತ್ತಿದ್ದರು.