ಗಿಂಬಲ್ ಅಂದ್ರೆ ಕ್ಯಾಮೆರಾ ಪಾರ್ಟಾ, ಸ್ಟ್ಯಾಂಡಾ, ಮಷೀನಾ?

"ಸಾರ್, ಇನ್‌ವಾಯ್ಸ್ ಮೇಲೆ ಸಪ್ಲೈಯರೇ ಕೋಡ್ ಹಾಕಿ ಕಳ್ಸಿದಾನೆ, ನಾವು ಅದನ್ನೇ ಹಾಕಿದ್ವಿ, ಈಗ ಕ್ವೈರಿ ಬಂದಿದೆ ಅಂತಾರಲ್ಲ, ಅದು ಹೇಗೆ ತಪ್ಪಾಗತ್ತೆ?" ಅಂತ ಒಬ್ರು ಫೋನ್ ಮಾಡಿದ್ರು. ಮೊದ್ಲು ಮದುವೆ ವಿಡಿಯೋ ಮಾಡ್ತಿದ್ದವರು, ಆಮೇಲೆ ನಿಧಾನಕ್ಕೆ ಅದರ ಸಾಮಾನು ತರಿಸಿ ಮಾರೋದಕ್ಕೆ ಇಳಿದವರು, ಶೆನ್‌ಜೆನ್‌ನಿಂದ ಇನ್ನೂರು ಗಿಂಬಲ್, ಅಂದ್ರೆ ಕ್ಯಾಮೆರಾ ಅಲ್ಲಾಡದ ಹಂಗೆ ಹಿಡಿಯೋ ಸಾಧನ, ತರಿಸಿದ್ರು. ಪೇಪರ್ ಮೇಲೆ "ಕ್ಯಾಮೆರಾ ಪಾರ್ಟ್ಸ್" ಅಂತ ಎರಡೇ ಪದ, ಪಕ್ಕದಲ್ಲಿ 8529 90, ಅಂದ್ರೆ ಯಾವ ಸಾಮಾನಿಗೆ ಎಷ್ಟು ಡ್ಯೂಟಿ ಅಂತ ಕಸ್ಟಮ್ಸ್ ನೋಡೋ ಕೋಡ್. ಅದು ಸರೀನಾ ಅಂತ ಇಲಾಖೆ ಕೇಳಿದ್ದೇ ಆ ಕ್ವೈರಿ. ಮಾಲು ಗೋಡೌನಲ್ಲಿ ಕೂತಿದೆ, ಡೆಮರೇಜ್ (ಮಾಲು ಬಿಡಿಸೋದು ತಡ ಆದ್ರೆ ಕಟ್ಟೋ ಬಾಡಿಗೆ) ಓಡ್ತಿದೆ, ಆ ಕಡೆ ಸೀಸನ್ ಶುರುವಾಗಿದೆ.

ನಾನು ಕಸ್ಟಮ್ಸ್ ಬ್ರೋಕರ್, ಹೊರಗಿಂದ ಬಂದ ಮಾಲಿನ ಕಾಗದಪತ್ರ ಮಾಡಿ ಬಿಡಿಸಿಕೊಡೋನು, ಹಳಬರು ಇನ್ನೂ ಸಿಎಚ್ಎ ಅಂತಾನೇ ಕರೀತಾರೆ. ಈ ಗಿಂಬಲ್ ವಿಷಯ ನನ್ ಹತ್ರ ಇಷ್ಟು ಸಲ ಬಂದಿದೆ ಅಂದ್ರೆ ಒಂದು ಸಲ ಬರೆದು ಇಟ್ಬಿಡೋಣ ಅನ್ನಿಸ್ತು, ಯಾಕಂದ್ರೆ ನೋಡೋಕೆ ಸಣ್ಣ ಸಾಮಾನು, ಆದ್ರೆ ಟ್ಯಾರಿಫ್ ಪುಸ್ತಕದಲ್ಲಿ ಇದಕ್ಕೆ ಮೂರು ಬಾಗಿಲು ಇದೆ, ಮೂರೂ ಅರ್ಧ ತೆರೆದಿದೆ.

ಮೊದ್ಲು ಸಾಮಾನು ಏನು ಅಂತ ನೋಡೋಣ. ಕೈಯಲ್ಲಿ ಹಿಡಿಯೋಕೆ ಒಂದು ಹಿಡಿ, ಅದರ ಮೇಲೆ ಸೊಟ್ಟ ತೋಳುಗಳು, ಮೂರು ಕೀಲಲ್ಲಿ ಮೂರು ಬ್ರಶ್‌ಲೆಸ್ ಮೋಟರ್, ಒಳಗಡೆ ಜೈರೋ ಸೆನ್ಸರ್, ಒಂದು ಬೋರ್ಡ್, ಲಿಥಿಯಂ ಬ್ಯಾಟರಿ. ಹುಡುಗಿ ಮಂಟಪಕ್ಕೆ ಬರ್ತಾ ಇರ್ತಾಳೆ, ಕ್ಯಾಮೆರಾದವ್ನು ಎದುರಿಗೆ ಹಿಮ್ಮುಖ ನಡೀತಾ ಇರ್ತಾನೆ, ಅವ್ನ ಕೈ ಎಷ್ಟು ಅಲ್ಲಾಡ್ತು ಅಂತ ಸೆನ್ಸರ್ ಅಳೆಯತ್ತೆ, ಮೋಟರು ಅಷ್ಟೇ ಉಲ್ಟಾ ತಿರುಗಿ ಸರಿ ಮಾಡತ್ತೆ. ಕ್ಯಾಮೆರಾಗೆ ಇದ್ಯಾವುದೂ ಗೊತ್ತೇ ಇಲ್ಲ, ಅದು ಅದರ ಪಾಡಿಗೆ ರೆಕಾರ್ಡ್ ಮಾಡ್ತಾ ಇರತ್ತೆ. ಈ ಕೊನೇ ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಈಗ ಕೋಡ್. ನಮ್ಮ ಕಸ್ಟಮ್ಸ್ ಟ್ಯಾರಿಫ್ ಆಕ್ಟ್ 1975ರದ್ದು, ಕೋಡ್ ಎಂಟು ಅಂಕಿದು, ಅದರಲ್ಲಿ ಮೊದಲ ಆರು ಪ್ರಪಂಚಕ್ಕೆಲ್ಲಾ ಒಂದೇ, ವಿಶ್ವ ಕಸ್ಟಮ್ಸ್ ಸಂಸ್ಥೆಯ ಎಚ್ಎಸ್ ಪದ್ಧತಿ, ಕೊನೇ ಎರಡು ನಮ್ಮದು. ಹಂಗಾದ್ರೆ ಚೀನಾದವ್ನು ಹಾಕಿದ ಮೊದಲ ಆರು ನಮಗೂ ಸರಿ ಅಲ್ವಾ ಅಂತ ಕೇಳ್ತಾರೆ. ಪುಸ್ತಕ ಒಂದೇ ಇರಬಹುದು, ಓದೋ ಕಣ್ಣು ಒಂದೇ ಅಲ್ಲ. ಅವ್ನು ಅವ್ನ ಎಕ್ಸ್‌ಪೋರ್ಟಿಗೆ ಅನುಕೂಲ ಆಗೋದು ಹಾಕಿರ್ತಾನೆ, ಇಲ್ಲಾ ಹೋದ ಸಲ ಬೇರೆ ದೇಶದ ಗಿರಾಕಿ ಕೇಳಿದ್ದನ್ನೇ ಕಾಪಿ ಮಾಡಿರ್ತಾನೆ. 2011ರಿಂದ ನಮ್ಮಲ್ಲಿ ಸೆಲ್ಫ್ ಅಸೆಸ್‌ಮೆಂಟ್, ಬಿಲ್ ಆಫ್ ಎಂಟ್ರಿಯಲ್ಲಿ, ಅಂದ್ರೆ ಇಂಪೋರ್ಟರ್ ಕಸ್ಟಮ್ಸಿಗೆ ಕೊಡೋ ಘೋಷಣೆಯಲ್ಲಿ, ಏನು ಹಾಕ್ತೀರೋ ಅದು ನಿಮ್ಮ ಮಾತು, ಸಪ್ಲೈಯರ್ ಮಾತಲ್ಲ.

ಮೊದಲನೇ ಬಾಗಿಲು 8529. ಎಲ್ಲರೂ ಮೊದ್ಲು ನುಗ್ಗೋದು ಇಲ್ಲೇ. ಡಿಜಿಟಲ್ ಕ್ಯಾಮೆರಾ 8525ರಲ್ಲಿ ಬರತ್ತೆ, ಅದಕ್ಕೆ ಸಂಬಂಧಪಟ್ಟ ಪಾರ್ಟ್ಸು 8529ರಲ್ಲಿ, ಗಿಂಬಲ್ ಕ್ಯಾಮೆರಾಗೆ ಸಂಬಂಧಪಟ್ಟಿದ್ದು, ಸೋ 8529, ಅಂತ ಲೆಕ್ಕ. ಆದ್ರೆ ಆ ನಾಲ್ಕಂಕಿಯ ಹೆಡಿಂಗನ್ನ ಕಣ್ಣಿಟ್ಟು ಓದಿ. ಬರೀ "ಪಾರ್ಟ್ಸ್" ಅಂತ ಇದೆ, "ಆಕ್ಸೆಸರೀಸ್" ಅನ್ನೋ ಪದಾನೇ ಇಲ್ಲ. ಅದೇ ಪುಸ್ತಕದಲ್ಲಿ 90ನೇ ಚಾಪ್ಟರಿಗೆ (ಕೋಡಿನ ಮೊದಲ ಎರಡಂಕಿನೇ ಚಾಪ್ಟರ್) ಬನ್ನಿ, ಫಿಲ್ಮ್ ರೋಲ್ ಹಾಕೋ ಸ್ಟಿಲ್ ಕ್ಯಾಮೆರಾ 9006, ಫಿಲ್ಮ್ ಓಡೋ ಸಿನಿಮಾ ಕ್ಯಾಮೆರಾ 9007, ಅಲ್ಲಿ "ಪಾರ್ಟ್ಸ್ ಅಂಡ್ ಆಕ್ಸೆಸರೀಸ್" ಅಂತ ಎರಡೂ ಬರೆದಿದಾರೆ. ಒಂದು ಕಡೆ ಬರೆದು ಇನ್ನೊಂದು ಕಡೆ ಬಿಟ್ಟಿದಾರೆ ಅಂದ್ರೆ ಮರೆತು ಬಿಟ್ಟಿದ್ದಲ್ಲ. ಗಿಂಬಲ್ ಇಲ್ದೆ ಕ್ಯಾಮೆರಾ ಪೂರ್ತಿ ಕ್ಯಾಮೆರಾನೇ, ಲೆನ್ಸ್ ಇದೆ, ಸೆನ್ಸರ್ ಇದೆ, ಫೋಟೋ ಬರತ್ತೆ. ಯಾವುದು ಇಲ್ದೆ ಹೋದ್ರೂ ಆ ವಸ್ತು ಪೂರ್ತಿ ಇರತ್ತೋ ಅದನ್ನ ಪಾರ್ಟ್ ಅಂತ ಕರೆಯೋದು ಕಷ್ಟ. ಮೊಬೈಲಿಗೆ ಹಾಕೋ ಗಿಂಬಲ್ ಆದ್ರಂತೂ 8529ರ ಹೆಸರೇ ಎತ್ತಬೇಡಿ, ಫೋನ್ ಇರೋದು 8517ರಲ್ಲಿ, 8529 ಕಾಯೋದು 8524ರಿಂದ 8528ರವರೆಗಿನ ಸಾಮಾನಿನ ಪಾರ್ಟ್ಸನ್ನ ಮಾತ್ರ. "ಸಾರ್ ನಮ್ದು ಸಿನಿಮಾ ಕ್ಯಾಮೆರಾ ಗಿಂಬಲ್, 9007ಕ್ಕೆ ಹಾಕಿ, ಅಲ್ಲಿ ಆಕ್ಸೆಸರಿ ಅಂತ ಇದೆಯಲ್ಲ" ಅಂತ ಒಬ್ಬ ಬುದ್ಧಿವಂತ ಕೇಳಿದ್ದ, ಒಳ್ಳೇ ಪ್ರಯತ್ನ, ಆದ್ರೆ ಈಗ ಸಿನಿಮಾ ತೆಗೆಯೋ ಡಿಜಿಟಲ್ ಕ್ಯಾಮೆರಾ ಎಷ್ಟೇ ದೊಡ್ಡದಿದ್ರೂ 8525ನೇ, ಸೆಟ್ಟಲ್ಲಿ ಬಳಸ್ತಾರೆ ಅಂತ ಚಾಪ್ಟರ್ ಬದಲಾಗಲ್ಲ.

ಎರಡನೇ ಬಾಗಿಲು 9620. ಇದು ಹೊಸಬ, 2017ರ ಎಚ್ಎಸ್ ತಿದ್ದುಪಡಿಯಲ್ಲಿ ಬಂದಿದ್ದು. ಮೊನೋಪಾಡ್, ಬೈಪಾಡ್, ಟ್ರೈಪಾಡ್ ಮತ್ತು ಅದೇ ಥರದ ವಸ್ತುಗಳು, ಅಷ್ಟೇ ಹೆಡಿಂಗು. ಇದು ಬಂದ್ಮೇಲೆ ಸ್ಟ್ಯಾಂಡುಗಳಿಗೆ ಅಂತ ಒಂದು ಮನೆ ಆಯ್ತು, ಸೆಲ್ಫಿ ಸ್ಟಿಕ್ ಕೂಡ ಇಲ್ಲೇ, ಬ್ಲೂಟೂತ್ ಬಟನ್ ಇದ್ರೂ ಇಲ್ಲೇ. ಹೆಡಿಂಗಿನ ವಿವರಣೆಯಲ್ಲಿ ಇವುಗಳ ಕೆಲಸ ಏನು ಅಂದ್ರೆ ಕ್ಯಾಮೆರಾ ಥರದ್ದನ್ನ ಹೊತ್ತು, ಬೇಡದ ಅಲುಗಾಟ ಕಡಿಮೆ ಮಾಡೋದು. ಓದಿದ ತಕ್ಷಣ ಗಿಂಬಲ್ ಕೂಡ ಅದೇ ತಾನೇ ಮಾಡೋದು ಅನ್ನಿಸತ್ತೆ. ನಂಗೂ ಅನ್ನಿಸಿತ್ತು, ಸುಳ್ಳು ಯಾಕೆ ಹೇಳ್ಲಿ. ಇನ್ನೊಂದು ವಿಷಯ, 84, 85 ಚಾಪ್ಟರುಗಳು ಸೇರಿರೋ 16ನೇ ಸೆಕ್ಷನ್ನಿನ ಮೊದಲ ನೋಟಲ್ಲೇ 9620ರ ವಸ್ತು ನಮ್ಮದಲ್ಲ ಅಂತ ಹೊರಗೆ ಹಾಕಿದಾರೆ, ಚಾಪ್ಟರ್ 90ರ ನೋಟಲ್ಲೂ ಹಂಗೇ. ಅಂದ್ರೆ ಒಂದು ಸಲ 9620 ಅಂತ ತೀರ್ಮಾನ ಆದ್ರೆ ಮಿಕ್ಕ ಎರಡು ಬಾಗಿಲೂ ತಾನಾಗೇ ಮುಚ್ಚತ್ತೆ. ಅದಕ್ಕೇ ಇದನ್ನ ಮೊದ್ಲು ಇತ್ಯರ್ಥ ಮಾಡ್ಕೋಬೇಕು, ಕೊನೇಗಲ್ಲ.

ನನ್ನ ಓದು ಇಷ್ಟು: "ಅದೇ ಥರದ" ಅನ್ನೋ ಪದ ಅದರ ಹಿಂದಿನ ಮೂರು ಪದಗಳ ಬಾಲ ಹಿಡ್ಕೊಂಡೇ ಬರಬೇಕು. ಟ್ರೈಪಾಡು ಮಾಡೋದು ಏನು, ಸುಮ್ನೆ ನಿಂತ್ಕೊಳ್ಳತ್ತೆ. ಅಲುಗಾಟ ಕಡಿಮೆ ಆಗೋದು ಅದು ಗಟ್ಟಿಯಾಗಿ ನಿಂತಿದೆ ಅನ್ನೋದಕ್ಕೆ. ಗಿಂಬಲ್ ನಿಲ್ಲಲ್ಲ, ಓಡತ್ತೆ. ಅಳೆಯತ್ತೆ, ಲೆಕ್ಕ ಹಾಕತ್ತೆ, ಮೋಟರ್ ತಿರುಗಿಸತ್ತೆ. ಬ್ಯಾಟರಿ ಸತ್ತ ಗಿಂಬಲ್ ಮೇಲೆ ಕ್ಯಾಮೆರಾ ಇಟ್ಟು ನೋಡಿ, ತಲೆ ತೂಗೋ ಕೋಲೆ ಬಸವ ಆಗಿರತ್ತೆ, ಸ್ಟ್ಯಾಂಡಾಗಿ ಕೂಡ ಕೆಲಸಕ್ಕೆ ಬರಲ್ಲ.

ಹಂಗಾಗಿ ನಾನು ಹೋಗೋದು ಮೂರನೇ ಬಾಗಿಲಿಗೆ, 8479. ಬೇರೆಲ್ಲೂ ಹೇಳದ, ಆದ್ರೆ ತನ್ನದೇ ಆದ ಕೆಲಸ ಇರೋ ಮಷೀನುಗಳು. ಇಲ್ಲಿ ಒಂದು ಸೊಗಸಾದ ಪರೀಕ್ಷೆ ಇದೆ, ಎಚ್ಎಸ್ ವಿವರಣೆಯಲ್ಲೇ ಕೊಟ್ಟಿರೋದು, ಎಷ್ಟು ಸಲ ಹೇಳಿದ್ರೂ ನಂಗೆ ಬೇಜಾರಾಗಲ್ಲ. ಬೇರೆ ಮಷೀನಿಗೆ ಕಚ್ಕೊಂಡೇ ಕೆಲಸ ಮಾಡೋ ಸಾಮಾನಿಗೂ "ತನ್ನದೇ ಕೆಲಸ" ಇರಬಹುದಾ? ಎರಡು ಉದಾಹರಣೆ. ಒಂದು, ಗಾರ್ಮೆಂಟ್ ಫ್ಯಾಕ್ಟರಿ ಹೊಲಿಗೆ ಮಷೀನಿಗೆ ಹಾಕೋ ದಾರ ಕತ್ತರಿಸೋ ಸಾಧನ. ಅದು ಮಷೀನಿಗೆ ಅಂಟ್ಕೊಂಡೇ ಇರತ್ತೆ, ಆದ್ರೆ ಹೊಲಿಯೋ ಕೆಲಸದಲ್ಲಿ ಅದರ ಪಾಲಿಲ್ಲ, ಅದಿಲ್ದೆ ಇದ್ರೂ ಹೊಲಿಗೆ ಬೀಳತ್ತೆ, ಹೆಂಗಸರು ಕೈಯಲ್ಲಿ ಕತ್ತರಿಸ್ಕೋತಾರೆ, ಸೋ ಅದಕ್ಕೆ ತನ್ನದೇ ಕೆಲಸ ಇದೆ, 8479. ಎರಡು, ಗಾಡಿ ಕಾರ್ಬುರೇಟರ್. ಅದು ಮಾಡೋ ಕೆಲಸ ಇಂಜಿನ್ ಕೆಲಸಕ್ಕಿಂತ ಬೇರೆನೇ, ಆದ್ರೆ ಅದನ್ನ ಕಿತ್ತಿಟ್ರೆ ಗಾಡಿ ಕಿಕ್ ಹೊಡೆದು ಹೊಡೆದು ಕಾಲು ನೋವು ಬರತ್ತೆ ಅಷ್ಟೇ. ಬಿಡಿಸೋಕೆ ಆಗದ ಹಂಗೆ ಸೇರ್ಕೊಂಡಿದೆ, ಹಂಗಾಗಿ 8479 ಅಲ್ಲ. ಈಗ ಕೇಳ್ಕೊಳ್ಳಿ, ಗಿಂಬಲ್ ದಾರ ಕತ್ತರಿಸೋದರ ಥರಾನಾ, ಕಾರ್ಬುರೇಟರ್ ಥರಾನಾ? ಮೇಲೆ ನೆನಪಿಟ್ಕೊಳ್ಳಿ ಅಂದ್ನಲ್ಲ, ಕ್ಯಾಮೆರಾಗೆ ಗೊತ್ತೇ ಇಲ್ಲ ಅಂತ, ಅದು ಇಲ್ಲಿಗೆ. ನಮ್ಮ ಎಂಟಂಕಿ ಲೆಕ್ಕದಲ್ಲಿ 8479 89 99.

ಕರೆಂಟಲ್ಲಿ ಓಡತ್ತಲ್ಲ, 85ನೇ ಚಾಪ್ಟರಿನ 8543, ಬೇರೆಲ್ಲೂ ಹೇಳದ ಕರೆಂಟ್ ಸಾಮಾನಿನ ಹೆಡಿಂಗು, ಯಾಕಲ್ಲ ಅಂತ ಕೆಲವರು ವಾದ ಮಾಡ್ತಾರೆ. ಮಿಕ್ಸಿ ಥರ ಹೆಸರು ಹಿಡಿದು 85ಕ್ಕೆ ಹಾಕಿದ್ದು ಬಿಟ್ರೆ, ಮೋಟರ್ ಇದ್ದ ಮಾತ್ರಕ್ಕೆ ಮಷೀನು 84 ಬಿಟ್ಟು ಹೋಗಲ್ಲ.

ಎಲ್ಲಾ ಸ್ಟೆಬಿಲೈಸರಿಗೂ ಇದೇ ಉತ್ತರ ಅಂದ್ಕೋಬೇಡಿ. ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ಮಾಡಿದ ಸ್ಟೆಡಿಕ್ಯಾಮ್ ಇದೆಯಲ್ಲ, ಮೈಗೆ ಹಾಕೋ ಜಾಕೆಟ್ಟು, ಸ್ಪ್ರಿಂಗ್ ತೋಳು, ಕೆಳಗೆ ತೂಕ, ಆ ಮೂಲ ನಮೂನೆಯಲ್ಲಿ ಅಲುಗಾಟ ತಡೆಯೋಕೆ ಮೋಟರೇ ಇಲ್ಲ, ಅಲ್ಲಿ 9620 ವಾದಕ್ಕೆ ಬಲ ಜಾಸ್ತಿ. ತನ್ನಲ್ಲೇ ಕ್ಯಾಮೆರಾ ಸೇರ್ಕೊಂಡಿರೋ ಜೇಬಿನ ಸೈಜಿನ ಗಿಂಬಲ್ ಬಂದಿದೆ, ಅದು ಸೀದಾ ಕ್ಯಾಮೆರಾ, 8525 89, ಹಿಡಿ ಇದೆ ಅಂತ ಅದನ್ನ ಗಿಂಬಲ್ ಅಂದ್ರೆ ಯಾರೂ ಒಪ್ಪಲ್ಲ. ತಲೆ ನೋವು ಬರೋದು ನಡುವಿನದ್ದಕ್ಕೆ: ಉದ್ದ ಎಳೆಯೋ ಸೆಲ್ಫಿ ಸ್ಟಿಕ್ಕು, ತುದಿಯಲ್ಲಿ ಒಂದೇ ಒಂದು ಮೋಟರು, ಕೆಳಗೆ ಬಿಚ್ಚಿದ್ರೆ ಮೂರು ಕಾಲು. ಇದು ಮೋಟರಿರೋ ಸ್ಟಿಕ್ಕಾ, ಸ್ಟಿಕ್ಕಿರೋ ಗಿಂಬಲ್ಲಾ? ಇಂಥದ್ದಕ್ಕೆ ನಾನು ಮೊದ್ಲು ಡಬ್ಬ ನೋಡ್ತೀನಿ, ತಯಾರಕ ದೊಡ್ಡ ಅಕ್ಷರದಲ್ಲಿ ಏನು ಬರ್ಕೊಂಡಿದಾನೆ, ಜನ ದುಡ್ಡು ಕೊಡೋದು ಯಾವುದಕ್ಕೆ ಅಂತ, ಆದ್ರೂ ದೊಡ್ಡ ಲಾಟ್ ಇದ್ರೆ ಅಡ್ವಾನ್ಸ್ ರೂಲಿಂಗ್ ತಗೊಳ್ಳಿ ಅಂತೀನಿ. 2021ರಿಂದ ದೆಹಲಿ, ಮುಂಬೈಯಲ್ಲಿ ಅದಕ್ಕೆ ಅಥಾರಿಟಿ ಇದೆ, ಮಾಲು ತರೋಕೆ ಮುಂಚೆನೇ ಕೇಳಬಹುದು, ಉತ್ತರ ನಿಮಗೂ ಇಲಾಖೆಗೂ ಕಟ್ಟುಪಾಡು, ಪಕ್ಕದ ಅಂಗಡಿಯವ್ನಿಗೆ ಅಲ್ಲ. ಬಿಡಿ ಭಾಗ ಬೇರೆ ಬೇರೆ ತರ್ಸಿದ್ರೆ ಲೆಕ್ಕ ಮತ್ತೆ ಬದಲಾಗತ್ತೆ, ತೋಳು 8479 90, ಲಿಥಿಯಂ ಬ್ಯಾಟರಿ 8507, ಮೋಟರ್ 8501, ಚಾರ್ಜರ್ 8504.

ಇಷ್ಟೆಲ್ಲಾ ತಲೆ ಯಾಕೆ ಕೆಡಿಸ್ಕೋಬೇಕು ಅಂದ್ರೆ ದುಡ್ಡು. ಲೆಕ್ಕ ಹೇಗೆ ಅಂತ ತೋರ್ಸೋಕೆ ಮಾತ್ರ, ದರ ಬಜೆಟ್ಟಿಗೊಂದು ಸಲ ಬದಲಾಗತ್ತೆ, ಆ ದಿನದ್ದು ನೋಡ್ಕೊಳ್ಳಿ. 100 ರೂಪಾಯಿ ಮಾಲಿಗೆ ಬೇಸಿಕ್ ಡ್ಯೂಟಿ 7.5 ಅಂತ ಇಟ್ಕೊಂಡ್ರೆ, ಅದರ ಮೇಲೆ ಹತ್ತನೇ ಒಂದು ಭಾಗ ಸೋಶಿಯಲ್ ವೆಲ್ಫೇರ್ ಸರ್ಚಾರ್ಜ್ 0.75, ಒಟ್ಟು 108.25, ಅದರ ಮೇಲೆ ಐಜಿಎಸ್‌ಟಿ (ಇಂಪೋರ್ಟ್ ಮಾಲಿನ ಜಿಎಸ್‌ಟಿ) 18ರಂತೆ 19.49, ಎಲ್ಲಾ ಸೇರಿ ಕಟ್ಟೋದು 27.74 ಆಯ್ತು. ಬೇಸಿಕ್ 20 ಅಂತ ಇಟ್ರೆ ಇದೇ 43.96 ಆಗತ್ತೆ. ಐಜಿಎಸ್‌ಟಿ ಕ್ರೆಡಿಟ್ಟಾಗಿ ವಾಪಸ್ ಬರತ್ತೆ, ಬೇಸಿಕ್ಕು ಸರ್ಚಾರ್ಜು ಬರಲ್ಲ, ಅದು ನಿಮ್ಮ ಜೇಬಿಂದಾನೇ. ಹಂಗಂತ ಡ್ಯೂಟಿ ಕಡಿಮೆ ಇರೋ ಕೋಡ್ ಹುಡುಕಿ ಆಮೇಲೆ ಸಾಮಾನಿಗೆ ಹೆಸರಿಡೋಕೆ ಹೋಗ್ಬೇಡಿ. ಮಾಮೂಲಿ ಕೇಸಲ್ಲಿ ಇಲಾಖೆ ಎರಡು ವರ್ಷ ಹಿಂದಕ್ಕೆ ಹೋಗಿ ಡ್ಯೂಟಿ ಕೇಳಬಹುದು, ಬೇಕಂತಲೇ ಮುಚ್ಚಿಟ್ರಿ ಅಂತ ಆದ್ರೆ ಐದು ವರ್ಷ, ಮೇಲೆ ಬಡ್ಡಿ, ಪೆನಾಲ್ಟಿ.

ಸಣ್ಣ ವಿವರ ಎಷ್ಟು ದೂರ ಎಳ್ಕೊಂಡು ಹೋಗತ್ತೆ ಅನ್ನೋದಕ್ಕೆ ಕ್ಯಾನನ್ ಇಂಡಿಯಾ ಕೇಸ್ ನೋಡಿ. ಡಿಜಿಟಲ್ ಸ್ಟಿಲ್ ಕ್ಯಾಮೆರಾಗೆ ಡ್ಯೂಟಿ ಮಾಫಿ ಇತ್ತು, ಒಂದೇ ಸಲಕ್ಕೆ ಅರ್ಧ ಗಂಟೆ ವಿಡಿಯೋ ತೆಗೆಯೋ ತಾಕತ್ತು ಇದೆಯಾ ಇಲ್ವಾ ಅನ್ನೋ ಸುತ್ತ ಜಗಳ ಹುಟ್ಟಿದ್ದು. ಅದು ಬೆಳೆದು ನೋಟಿಸ್ ಕೊಡೋ ಅಧಿಕಾರ ಯಾರಿಗಿದೆ ಅನ್ನೋ ಪ್ರಶ್ನೆಯಾಗಿ 2021ರ ಮಾರ್ಚಲ್ಲಿ ಸುಪ್ರೀಂ ಕೋರ್ಟಲ್ಲಿ ಒಂದು ತೀರ್ಪು, 2024ರ ನವೆಂಬರಲ್ಲಿ ಅದರ ರಿವ್ಯೂನಲ್ಲಿ ಉಲ್ಟಾ ತೀರ್ಪು.

ಇನ್ನು ವಿವರಣೆ ಬರೆಯೋದು. 2020ರ ಜೂನ್ 8ಕ್ಕೆ ಫೇಸ್‌ಲೆಸ್ ಅಸೆಸ್‌ಮೆಂಟ್ ಶುರುವಾಗಿದ್ದೇ ನಮ್ಮ ಬೆಂಗಳೂರು ಮತ್ತು ಚೆನ್ನೈಯಲ್ಲಿ, ಅದೂ ಮೊದ್ಲು ತಗೊಂಡಿದ್ದು ಈ 84, 85 ಚಾಪ್ಟರುಗಳನ್ನೇ. ಮುಂಚೆ ಆದ್ರೆ ಸ್ಯಾಂಪಲ್ ತಗೊಂಡು ಹೋಗಿ, "ನೋಡಿ ಸಾರ್, ಹಿಂಗೆ ಅಲ್ಲಾಡ್ಸಿದ್ರೆ ಹಂಗೆ ನಿಲ್ಲತ್ತೆ" ಅಂತ ಮೇಜಿನ ಮುಂದೆ ತೋರಿಸ್ತಿದ್ವಿ, ಅರ್ಧ ವಾದ ಅಲ್ಲೇ ಮುಗೀತಿತ್ತು. ಈಗ ನೋಡೋ ಅಧಿಕಾರಿ ಯಾವ ಊರಲ್ಲಿ ಕೂತಿದಾರೋ, ಅವ್ರಿಗೆ ಕಾಣೋದು ನೀವು ಬರೆದ ಒಂದು ಸಾಲು. "ಕ್ಯಾಮೆರಾ ಪಾರ್ಟ್ಸ್" ಅಂತ ಬರೆದ್ರೆ ಅವ್ರು ಕ್ವೈರಿ ಹಾಕದೆ ಇನ್ನೇನು ಮಾಡ್ತಾರೆ? "ಕೈಯಲ್ಲಿ ಹಿಡಿಯೋ ಮೂರು ಆಕ್ಸಿಸ್ ಮೋಟರ್ ಸ್ಟೆಬಿಲೈಸರ್, ಜೈರೋ ಸೆನ್ಸರ್ ಮತ್ತು ಬ್ಯಾಟರಿ ಸಹಿತ, ಕ್ಯಾಮೆರಾ ಇಲ್ಲ" ಅಂತ ಮಾಡೆಲ್ ನಂಬರ್ ಸಮೇತ ಹಾಕಿ, ಕ್ಯಾಟಲಾಗನ್ನ ಇ-ಸಂಚಿತಲ್ಲಿ (ಕಸ್ಟಮ್ಸಿಗೆ ಆನ್‌ಲೈನಲ್ಲಿ ಕಾಗದಪತ್ರ ಕೊಡೋ ಜಾಗ) ಏರಿಸಿ. "ಕ್ಯಾಮೆರಾ ಇಲ್ಲ" ಅನ್ನೋ ಎರಡು ಪದ ನಂಗೆ ಎಷ್ಟು ದಿನ ಉಳಿಸಿದೆಯೋ.

ಕೋಡಿಗೂ ಇದಕ್ಕೂ ಸಂಬಂಧ ಇಲ್ಲ, ಆದ್ರೂ ಹೇಳ್ಬೇಕು, ಬ್ಲೂಟೂತ್ ಇದ್ರೆ ಕೇಂದ್ರದ ವೈರ್‌ಲೆಸ್ ವಿಭಾಗ ಡಬ್ಲ್ಯುಪಿಸಿಯ ಇಟಿಎ ಅನ್ನೋ ಒಪ್ಪಿಗೆ ಬೇಕು, ಲಿಥಿಯಂ ಬ್ಯಾಟರಿಗೆ ಬಿಐಎಸ್ (ಗುಣಮಟ್ಟ ನೋಡೋ ಸಂಸ್ಥೆ) ರಿಜಿಸ್ಟ್ರೇಷನ್ ಕೇಳ್ತಾರೆ, ಡಬ್ಬದ ಮೇಲೆ ಎಂಆರ್‌ಪಿ, ಇಂಪೋರ್ಟರ್ ಹೆಸರು ಇರಬೇಕು. ಇವು ಇಲ್ದೆ ಕೋಡ್ ಎಷ್ಟು ಸರಿ ಇದ್ರೂ ಡಬ್ಬ ಗೇಟ್ ದಾಟಲ್ಲ.

ಆ ಫೋನ್ ಮಾಡಿದವರ ಮಾಲಿಗೆ ನಾವು ಕ್ವೈರಿಗೆ ಉತ್ತರ ಕೊಟ್ಟು, ದಾರ ಕತ್ತರಿಸೋ ಕಥೆಯನ್ನ ಸರಿಯಾದ ಭಾಷೆಯಲ್ಲಿ ಬರೆದು, ಫೋಟೋ ಹಾಕಿ, ಕೊನೇಗೆ 8479ಕ್ಕೆ ಆಯ್ತು. ಡ್ಯೂಟಿ ವ್ಯತ್ಯಾಸಕ್ಕಿಂತ ಡೆಮರೇಜೇ ಜಾಸ್ತಿ ಬಿತ್ತು, ಅದನ್ನ ಈಗಲೂ ಹೇಳ್ಕೊಂಡು ನಗ್ತಾರೆ. ಮೊನ್ನೆ ಮತ್ತೆ ಫೋನ್, "ಸಾರ್, ಈ ಸಲ ಡ್ರೋನಿಗೆ ಹಾಕೋ ಗಿಂಬಲ್, ಅದೇ ಕೋಡ್ ಹಾಕ್ಲಾ?" ಅಂತ. ಡ್ರೋನ್ ಅಂದ ಕೂಡ್ಲೇ ನಂಗೆ ಎದೆ ಧಸಕ್ ಅಂತು, 2022ರ ಫೆಬ್ರವರಿಯಿಂದ ಪೂರ್ತಿ ಡ್ರೋನ್ ತರೋದು ನಿಷೇಧ, ಬಿಡಿ ಭಾಗಕ್ಕೆ ಅಡ್ಡಿಯಿಲ್ಲ. "ಸ್ವಾಮಿ, ಅದರಲ್ಲಿ ಕ್ಯಾಮೆರಾ ಸೇರ್ಕೊಂಡಿದೆಯಾ ಇಲ್ವಾ, ಮೊದ್ಲು ಅದನ್ನ ನೋಡಿ ಹೇಳಿ" ಅಂದೆ. ಸಪ್ಲೈಯರ್ನ ಕೇಳಿ ಹೇಳ್ತೀನಿ ಅಂದ್ರು. ಇನ್ನೂ ಹೇಳಿಲ್ಲ.