ಲೋಡ್ ಯಾವಾಗ ಶುರು ಮಾಡಬೇಕು?

ಬೇಸ್‌ಬಾಲ್ ಸೀಸನ್ ಹತ್ತಿರ ಬಂತೆಂದರೆ ಇಲ್ಲಿ ನ್ಯೂಜೆರ್ಸಿಯಲ್ಲಿ ಮಕ್ಕಳನ್ನು ಕೋಚಿಂಗ್‌ಗೆ ಕರೆತರುವ ನಮ್ಮವರ ದೂರು ಒಂದೇ. "ಸಾರ್, ಇವನ ಕೈ ಸ್ವಲ್ಪ ನಿಧಾನ. ಹಗುರ ಬ್ಯಾಟ್ ಕೊಡಿಸಲಾ?" ನಾನು ಮೊದಲು ನೋಡುವುದು ಹುಡುಗನ ಮುಂಗಾಲನ್ನು, ಅಂದರೆ ಚೆಂಡು ಎಸೆಯುವ ಪಿಚರ್ ಕಡೆಗಿರುವ ಕಾಲನ್ನು. ಪಿಚರ್ ಚೆಂಡು ಬಿಟ್ಟ ಮೇಲೆ ಆ ಕಾಲು ಏಳುತ್ತಿದ್ದರೆ, ಯಾವ ಬ್ಯಾಟ್ ಕೊಡಿಸಿದರೂ ಏಟು ತಡವೇ.

ಸ್ವಿಂಗ್‌ಗೆ ಮುಂಚೆ ಮೈ ಮಾಡಿಕೊಳ್ಳುವ ತಯಾರಿಯೇ ಲೋಡ್. ಭಾರ ಹಿಂಗಾಲಿನ ತೊಡೆಗೆ ಹೋಗುತ್ತದೆ, ಕೈಗಳು ಹಿಂಭುಜದ ಕಡೆ ಸರಿಯುತ್ತವೆ. ಮುಂಗಾಲು ಮುಂದಕ್ಕೆ ಹೋಗುವಾಗ ಕೈಗಳು ಮಾತ್ರ ಹಿಂದೆಯೇ ಉಳಿಯಬೇಕು. ಚಾಟಿಬಿಲ್ಲಿನ ರಬ್ಬರ್ ಎಳೆದಂತೆ, ಬಲ ಇರುವುದು ಆ ಎಳೆತದಲ್ಲಿ. ಕಾಲಿನ ಜೊತೆ ಕೈಯೂ ಮುಂದೆ ಬಂದುಬಿಟ್ಟರೆ ಬರೀ ತೋಳಿನಿಂದ ಹೊಡೆಯಬೇಕಾಗುತ್ತದೆ.

ಈಗ ಸ್ವಲ್ಪ ಲೆಕ್ಕ. ದೊಡ್ಡವರ ಆಟದಲ್ಲಿ ಪಿಚರ್ ನಿಲ್ಲುವ ರಬ್ಬರ್ ಪಟ್ಟಿಯಿಂದ ಬ್ಯಾಟರ್ ಪಕ್ಕದ ಪ್ಲೇಟ್‌ಗೆ 60 ಅಡಿ 6 ಇಂಚು. ಆತ ಮುಂದಕ್ಕೆ ಚಾಚಿ ಎಸೆಯುವುದರಿಂದ ಚೆಂಡು ಹಾರುವುದು ಸುಮಾರು 55 ಅಡಿ. ಗಂಟೆಗೆ 95 ಮೈಲಿಯ ಚೆಂಡು ಅಷ್ಟು ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ದಾಟುತ್ತದೆ. ಸ್ವಿಂಗ್‌ಗೇ ಸುಮಾರು 0.15 ಸೆಕೆಂಡ್ ಬೇಕು. ಉಳಿದ ಕಾಲು ಸೆಕೆಂಡಿನಲ್ಲಿ ಚೆಂಡು ನೋಡಬೇಕು, ಹೊಡೆಯಬೇಕೋ ಬಿಡಬೇಕೋ ತೀರ್ಮಾನಿಸಬೇಕು. ಅದರಲ್ಲಿ ಲೋಡ್‌ಗೆ ಜಾಗ ಎಲ್ಲಿದೆ ಹೇಳಿ? ಮಕ್ಕಳ ಆಟ ಸುಲಭ ಅಂದುಕೊಳ್ಳಬೇಡಿ. ಲಿಟಲ್ ಲೀಗ್‌ನಲ್ಲಿ ದೂರ 46 ಅಡಿ ಮಾತ್ರ. ಅಲ್ಲಿ 70 ಮೈಲಿಯ ಚೆಂಡಿಗೂ ಹೆಚ್ಚುಕಡಿಮೆ ಇಷ್ಟೇ ಸಮಯ.

ಹಾಗಾಗಿ ಲೋಡ್ ಶುರುವಾಗಬೇಕಾದದ್ದು ಪಿಚರ್‌ನ ಮೈ ನೋಡಿ. ಕ್ರಿಕೆಟ್ ಆಡಿ ಬೆಳೆದ ಅಪ್ಪಂದಿರಿಗೆ ಇದನ್ನು ಹೇಳುವುದು ಸುಲಭ: ಪಿಚರ್‌ನ ವೈಂಡಪ್, ಅಂದರೆ ಎಸೆಯುವ ಮುಂಚೆ ಕಾಲೆತ್ತಿ ಮಾಡುವ ತಯಾರಿಯೇ ಅವನ ರನ್‌ಅಪ್. ಅವನು ಎತ್ತಿದ ಕಾಲು ಇಳಿಯತೊಡಗಿದಾಗ ನಿಮ್ಮ ಲೋಡ್ ಶುರು. ಚೆಂಡು ಅವನ ಕೈ ಬಿಡುವಷ್ಟರಲ್ಲಿ ಭಾರ ಹಿಂದೆ ಹೋಗಿರಬೇಕು. ಚೆಂಡು ಅರ್ಧ ದಾರಿಗೆ ಬರುವಷ್ಟರಲ್ಲಿ ಮುಂಗಾಲು ನೆಲ ಮುಟ್ಟಿರಬೇಕು. ಬೇಸ್ ಮೇಲೆ ರನ್ನರ್ ಇದ್ದರೆ, ಅವನು ಮುಂದಿನ ಬೇಸ್‌ಗೆ ಓಡದಂತೆ ಪಿಚರ್ ಕಾಲನ್ನು ಪೂರ್ತಿ ಎತ್ತದೆ ಸರಕ್ಕನೆ ಎಸೆಯುತ್ತಾನೆ. ಮೊದಲ ಅಲುಗಾಟದಿಂದ ಚೆಂಡು ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ ಕೈ ಸೇರುವವರೆಗೆ ಸುಮಾರು 1.3 ಸೆಕೆಂಡ್, ಅಷ್ಟೇ. ಆಗ ನಿಮ್ಮ ಲೋಡೂ ಚಿಕ್ಕದಾಗಬೇಕು. ಪಿಚರ್ ಜಾನಿ ಕ್ವೆಟೊ ಥರದವರು ಬೇಕಂತಲೇ ಒಂದು ಸಲ ತಡೆದು, ಇನ್ನೊಂದು ಸಲ ಬೇಗ ಎಸೆದು ಬ್ಯಾಟರ್‌ನ ತಾಳ ತಪ್ಪಿಸುತ್ತಿದ್ದರು.

ಬೇಗ ಶುರು ಮಾಡಿ ಅಂದರೆ ಮಕ್ಕಳು ಫಟ್ಟಂತ ಲೋಡ್ ಮುಗಿಸಿ ಕಲ್ಲಿನ ಹಾಗೆ ನಿಂತುಬಿಡುತ್ತಾರೆ. ಅದೂ ಕೆಲಸಕ್ಕೆ ಬಾರದು. ಬೇಗ ಶುರು ಮಾಡಿ, ನಿಧಾನವಾಗಿ ಹೋಗಬೇಕು. ಆಗ 85 ಮೈಲಿಯ ಚೇಂಜಪ್ (ವೇಗದ ಚೆಂಡಿನಂತೆ ತೋರಿಸಿ ಎಸೆಯುವ ನಿಧಾನದ ಚೆಂಡು) ಬಂದರೂ ಇನ್ನೊಂದಿಷ್ಟು ಕಾಯಬಹುದು.

ಬ್ಯಾಟರ್ ಜೋಸೆ ಬೌಟಿಸ್ಟಾ ಕಥೆ ಗೊತ್ತಲ್ವಾ? 2009ರವರೆಗೆ ಒಂದು ಸೀಸನ್‌ನಲ್ಲಿ ಅವರ ಅತಿ ಹೆಚ್ಚು ಹೋಂ ರನ್ (ನಮ್ಮ ಸಿಕ್ಸರ್ ಥರ) 16. ಟೊರಾಂಟೊ ತಂಡದ ಮ್ಯಾನೇಜರ್ ಸಿಟೊ ಗ್ಯಾಸ್ಟನ್, ಕೋಚ್ ಡ್ವೇನ್ ಮರ್ಫಿ ಇಬ್ಬರೂ ಇನ್ನೂ ಬೇಗ ಶುರು ಮಾಡು ಎಂದು ಹಿಂದೆ ಬಿದ್ದರು. 2010ರಲ್ಲಿ ಅವರು 54 ಹೊಡೆದರು. ಅದಷ್ಟೇ ಕಾರಣ ಎನ್ನಲಾರೆ, ಆದರೆ ದೊಡ್ಡ ಪಾಲು ಅದರದ್ದೇ.

ಕಾಲು ಎಷ್ಟು ಎತ್ತಬೇಕು ಎಂಬ ಜಗಳ ನನಗೆ ಬೇಡ. ಜಪಾನಿನ ಸದಹರು ಓ ಒಂಟಿಕಾಲಲ್ಲಿ ನಿಂತು 868 ಹೋಂ ರನ್ ಹೊಡೆದರು. ಅದೇ ದೇಶದ ಶೋಹೇ ಓಟಾನಿ 2018ರಲ್ಲಿ ಅಮೆರಿಕಕ್ಕೆ ಬಂದ ಹೊಸದರಲ್ಲಿ ಕಾಲೆತ್ತುವುದನ್ನೇ ಬಿಟ್ಟು, ಕಾಲ್ಬೆರಳ ತುದಿಯನ್ನು ನೆಲಕ್ಕೆ ಒತ್ತುವಷ್ಟಕ್ಕೇ ನಿಲ್ಲಿಸಿದರು. ಆ ವರ್ಷ 22 ಹೊಡೆದರು. ಇಬ್ಬರ ಕಾಲೂ ಹೊತ್ತಿಗೆ ಸರಿಯಾಗಿ ನೆಲದಲ್ಲಿ ಊರಿರುತ್ತಿತ್ತು.

ಟೀ (ಚೆಂಡಿಡುವ ಕಂಬ) ಮೇಲಿಟ್ಟ ಚೆಂಡನ್ನು ಸುಮ್ನೆ ಹೊಡೆಯುತ್ತಾ ಹೋದರೆ ಇದು ಬರುವುದಿಲ್ಲ. ತೋಳಿಲ್ಲದ ಪಿಚಿಂಗ್ ಮೆಷಿನ್ ಇನ್ನೂ ಮೋಸ, ನೋಡಿ ಶುರು ಮಾಡಲು ಅಲ್ಲಿ ಏನೂ ಇಲ್ಲ. ಮೆಷಿನ್ನೇ ಗತಿ ಎಂದಾದರೆ ಚೆಂಡು ಹಾಕುವವರು ಪ್ರತಿ ಸಲ ಕೈಯೆತ್ತಿ ತೋರಿಸಿ, ತಡೆದು ಹಾಕಲಿ. ಜೊತೆಯವರು ಬ್ಯಾಟ್ ಮಾಡುವಾಗ ಹುಡುಗ ದೂರದಲ್ಲಿ ನಿಂತು ಅದೇ ಪಿಚರ್‌ಗೆ ಬರೀ ಲೋಡ್ ಮಾಡಿ ಕಾಲಿಡಲಿ, ಸ್ವಿಂಗ್ ಬೇಡ. ನಾನು ಜಾಸ್ತಿ ಮಾಡಿಸುವುದು ಇದನ್ನೇ.

ಪಂದ್ಯದಲ್ಲಿ ಗೆರೆಯಾಚೆ ಹೋಗುವ ಏಟುಗಳನ್ನು, ಅಂದರೆ ಫೌಲ್‌ಗಳನ್ನು ಗಮನಿಸಿ. ಬಲಗೈ ಬ್ಯಾಟರ್‌ನ ಫೌಲ್‌ಗಳು ಮೊದಲ ಬೇಸ್ ಕಡೆ (ಪಿಚರ್ ಕಡೆ ಮುಖ ಮಾಡಿದರೆ ಬಲಕ್ಕೆ) ಹೋಗುತ್ತಿದ್ದರೆ ತಡ, ಮೂರನೇ ಬೇಸ್ ಕಡೆ (ಎಡಕ್ಕೆ) ಹೋಗುತ್ತಿದ್ದರೆ ಅವಸರ. ನೇರ ಹಿಂದಕ್ಕೆ ಹಾರಿದರೆ ಟೈಮಿಂಗ್ ಸರಿಯಾಗಿದೆ, ಬ್ಯಾಟ್ ಚೂರು ಕೆಳಗಿತ್ತು ಅಷ್ಟೇ. ಅವನನ್ನು ಹಾಗೇ ಬಿಟ್ಟುಬಿಡಿ.